ಮೀನು ಕಾಣದಿದ್ದರೂ ನೀರು ಹೇಳುತ್ತದೆ: ಏನಿದು ಇ-ಡಿಎನ್‌ಎ ಪರೀಕ್ಷೆ?

2021ರ ಮಾರ್ಚ್‌ನಲ್ಲಿ ಮಲ್ಪೆ ಬಂದರಿನ ಒಂದು ವಿಡಿಯೊ ಕರಾವಳಿಯ ಫೋನುಗಳಲ್ಲೆಲ್ಲ ಓಡಾಡಿತ್ತು. ನಿಮಗೂ ಬಂದಿರಬಹುದು. ಮೂತಿಯ ಜಾಗದಲ್ಲಿ ಉದ್ದನೆಯ ಗರಗಸ ಇರುವ, ಸುಮಾರು 250 ಕೆಜಿ ತೂಕದ ದೈತ್ಯ ಮೀನು. ‘ಕಾರ್ಪೆಂಟರ್ ಶಾರ್ಕ್’ ಎಂಬ ಹೆಸರಿನಲ್ಲಿ ಅದು ಗುಂಪಿನಿಂದ ಗುಂಪಿಗೆ ಹೋಯಿತು. ‘ಅಬ್ಬಾ, ಎಂಥ ಮೀನು’ ಎಂದು ನೋಡಿದವರೆಲ್ಲ ಮುಂದಕ್ಕೆ ಕಳಿಸಿದರು.

ಅದು ಶಾರ್ಕ್ ಅಲ್ಲ. ಕರಾವಳಿಯಲ್ಲಿ ತೊರಕೆ ಎನ್ನುತ್ತಾರಲ್ಲ, ಆ ಬಳಗಕ್ಕೆ ಸೇರಿದ ಗರಗಸ ಮೀನು. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಇದನ್ನು 2001ರಲ್ಲೇ ಸೇರಿಸಲಾಗಿದೆ. ಅಂದರೆ ಕಾನೂನಿನ ಕಣ್ಣಲ್ಲಿ ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ ಇದೆ. ಒಂದು ಕಾಲಕ್ಕೆ ಸುಮಾರು 90 ದೇಶಗಳ ಕರಾವಳಿಯಲ್ಲಿದ್ದ ಗರಗಸ ಮೀನುಗಳು ಈಗ ಹೆಚ್ಚುಕಡಿಮೆ ಅರ್ಧದಷ್ಟು ದೇಶಗಳಿಂದ ಕಾಣೆಯಾಗಿವೆ. ಕಾರಣ ಬಹಳ ಸರಳ. ಆ ಗರಗಸದ ಹಲ್ಲುಗಳು ಯಾವ ಬಲೆಗಾದರೂ ಸಿಕ್ಕಿಕೊಳ್ಳುತ್ತವೆ, ಒಮ್ಮೆ ಸಿಕ್ಕಿದರೆ ಬಿಡಿಸಿಕೊಳ್ಳಲು ಆಗುವುದಿಲ್ಲ.

ಹಾಗಾದರೆ ನಮ್ಮ ಸಮುದ್ರದಲ್ಲಿ, ನಮ್ಮ ಅಳಿವೆಗಳಲ್ಲಿ ಇನ್ನೂ ಗರಗಸ ಮೀನು ಇದೆಯೇ? ಇದ್ದರೆ ಎಲ್ಲಿ? ಈ ಪ್ರಶ್ನೆಗೆ ಉತ್ತರ ಸಿಗದೆ ಅವನ್ನು ಉಳಿಸುವ ಮಾತು ಬರೀ ಮಾತಾಗಿಯೇ ಉಳಿಯುತ್ತದೆ. ಉತ್ತರ ಹುಡುಕಲು ಬಲೆ ಹಾಕುವಂತಿಲ್ಲ, ಬಲೆಯಿಂದಲೇ ಅವು ಸಾಯುತ್ತಿರುವುದು. ಮುಳುಗಿ ನೋಡೋಣವೆಂದರೆ ಅಳಿವೆಯ ಕೆಸರು ನೀರಿನಲ್ಲಿ ಕೈ ಚಾಚಿದರೆ ಬೆರಳು ಕಾಣುವುದಿಲ್ಲ. ಹತ್ತಾರು ವರ್ಷಕ್ಕೊಮ್ಮೆ ಯಾರದೋ ಬಲೆಗೆ ಬಿದ್ದು ವಿಡಿಯೊ ಆಗಿ ಬರುವವರೆಗೆ ಕಾಯುವುದೇ?

ಬೇಡ ಎನ್ನುತ್ತಾರೆ ವಿಜ್ಞಾನಿಗಳು. ಅವರು ಒಂದೆರಡು ಲೀಟರ್ ನೀರು ತೆಗೆದುಕೊಂಡು ಹೋಗುತ್ತಾರೆ. ಉತ್ತರ ಆಸ್ಟ್ರೇಲಿಯಾದಲ್ಲಿ ಹೀಗೆಯೇ ನೀರಿನ ಮಾದರಿಗಳಿಂದ ದೊಡ್ಡ ಹಲ್ಲಿನ ಗರಗಸ ಮೀನಿನ ಇರವನ್ನು ಪತ್ತೆ ಹಚ್ಚಬಹುದೆಂದು ತೋರಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅಮೆರಿಕದ ಫ್ಲೋರಿಡಾ ಸುತ್ತಮುತ್ತಲಿನ ಸಣ್ಣ ಹಲ್ಲಿನ ಗರಗಸ ಮೀನಿಗೂ ಇಂಥದೇ ಪರೀಕ್ಷೆ ಸಿದ್ಧವಾಗಿದೆ. ಮೀನನ್ನು ಹಿಡಿಯಬೇಕಿಲ್ಲ, ಮುಟ್ಟಬೇಕಿಲ್ಲ, ನೋಡಬೇಕಾಗಿಯೂ ಇಲ್ಲ. ಇದಕ್ಕೆ ‘ಪರಿಸರ ಡಿಎನ್‌ಎ’ ಅಥವಾ ಚಿಕ್ಕದಾಗಿ ‘ಇ-ಡಿಎನ್‌ಎ’ ವಿಧಾನ ಎನ್ನುತ್ತಾರೆ.

ಇದರ ಬಗ್ಗೆ ‘ಒಂದು ಲೋಟ ನೀರಿನಿಂದ ಹೊಳೆಯಲ್ಲಿರುವ ಮೀನುಗಳನ್ನೆಲ್ಲ ಎಣಿಸುವ ತಂತ್ರಜ್ಞಾನ’ ಎಂಬಂಥ ಸಂದೇಶ ನಿಮಗೆ ಬಂದರೆ ಅದರಲ್ಲಿ ಅರ್ಧ ಸತ್ಯ, ಅರ್ಧ ಉತ್ಪ್ರೇಕ್ಷೆ ಇದೆ ಎಂದು ತಿಳಿಯಿರಿ. ಯಾವ ಅರ್ಧ ಯಾವುದು ಎಂದು ಈಗ ನೋಡೋಣ.

ನೀರಿನಲ್ಲಿ ಮೀನಿನ ಡಿಎನ್‌ಎ ಎಲ್ಲಿಂದ ಬರುತ್ತದೆ?

ನಾವು ಕುಳಿತೆದ್ದ ಜಾಗದಲ್ಲಿ ಕೂದಲು, ಚರ್ಮದ ಹೊಟ್ಟು ಬಿಟ್ಟು ಬರುತ್ತೇವೆ. ಮೀನೂ ಹಾಗೆಯೇ. ಮೈಮೇಲಿನ ಲೋಳೆ, ಉದುರಿದ ಹುರುಪೆ, ಮಲ, ಮೂತ್ರ, ಮೊಟ್ಟೆ, ವೀರ್ಯ ಎಲ್ಲವೂ ನೀರಿಗೆ ಸೇರುತ್ತಲೇ ಇರುತ್ತವೆ. ಅವುಗಳಲ್ಲಿ ಆ ಮೀನಿನ ಜೀವಕೋಶಗಳಿರುತ್ತವೆ, ಜೀವಕೋಶದಲ್ಲಿ ಡಿಎನ್‌ಎ ಇರುತ್ತದೆ. ಪ್ರತಿ ಜಾತಿಯ ಡಿಎನ್‌ಎಯಲ್ಲೂ ಆ ಜಾತಿಗೇ ವಿಶಿಷ್ಟವಾದ ಭಾಗಗಳಿವೆ. ಆ ಭಾಗ ನೀರಿನಲ್ಲಿ ಸಿಕ್ಕರೆ ಆ ಜಾತಿಯ ಮೀನು ಈಚೆಗೆ ಅಲ್ಲೆಲ್ಲೋ ಇತ್ತು ಎಂದರ್ಥ.

ವಿಜ್ಞಾನಿಗಳು ಸಾಮಾನ್ಯವಾಗಿ ಹುಡುಕುವುದು ಜೀವಕೋಶದ ನಡುವಿನ ಬೀಜಕೇಂದ್ರದ ಡಿಎನ್‌ಎಯನ್ನಲ್ಲ, ಮೈಟೊಕಾಂಡ್ರಿಯಾ ಎಂಬ ಪುಟ್ಟ ಅಂಗದೊಳಗಿನ ಡಿಎನ್‌ಎಯನ್ನು. ಕಾರಣ ಲೆಕ್ಕಾಚಾರದ್ದು. ಒಂದು ಜೀವಕೋಶದಲ್ಲಿ ಬೀಜಕೇಂದ್ರ ಒಂದೇ, ಆದರೆ ಮೈಟೊಕಾಂಡ್ರಿಯಾದ ಡಿಎನ್‌ಎ ಪ್ರತಿಗಳು ನೂರಾರು, ಕೆಲವೊಮ್ಮೆ ಸಾವಿರಾರು. ಹುಲ್ಲಿನ ಬಣವೆಯಲ್ಲಿ ಒಂದು ಸೂಜಿ ಹುಡುಕುವುದಕ್ಕಿಂತ ಸಾವಿರ ಸೂಜಿಗಳಲ್ಲಿ ಒಂದನ್ನು ಹುಡುಕುವುದು ಸುಲಭ. ಈ ಆಯ್ಕೆಯಿಂದ ಒಂದು ತೊಂದರೆಯೂ ಇದೆ, ಕಾವೇರಿಯ ವಿಷಯಕ್ಕೆ ಬಂದಾಗ ಅದನ್ನು ಹೇಳುತ್ತೇವೆ.

ಕೆಲಸ ನಡೆಯುವುದು ಹೀಗೆ. ಕೈಗವಸು ಹಾಕಿಕೊಂಡು, ಶುದ್ಧ ಮಾಡಿದ ಬಾಟಲಿಯಲ್ಲಿ ಒಂದೆರಡು ಲೀಟರ್ ನೀರು ತುಂಬಿಕೊಳ್ಳುತ್ತಾರೆ. ಅದನ್ನು ಒಂದು ಮೈಕ್ರಾನಿಗಿಂತಲೂ ಸಣ್ಣ ರಂಧ್ರಗಳಿರುವ ಫಿಲ್ಟರ್ ಕಾಗದದ ಮೂಲಕ ಸೋಸುತ್ತಾರೆ. ನಮ್ಮ ತಲೆಗೂದಲಿನ ದಪ್ಪದ ನೂರನೇ ಒಂದು ಪಾಲಿಗಿಂತಲೂ ಚಿಕ್ಕ ರಂಧ್ರಗಳವು. ನೀರು ಇಳಿದು ಹೋಗುತ್ತದೆ, ಜೀವಕೋಶದ ಚೂರುಗಳು ಕಾಗದದ ಮೇಲೆ ಉಳಿಯುತ್ತವೆ. ಆ ಕಾಗದವನ್ನು ಆಲ್ಕೊಹಾಲ್‌ನಲ್ಲಿ ಮುಳುಗಿಸಿ ಅಥವಾ ಹೆಪ್ಪುಗಟ್ಟಿಸಿ ಲ್ಯಾಬಿಗೆ ಕಳಿಸುತ್ತಾರೆ.

ಲ್ಯಾಬಿನಲ್ಲಿ ನಡೆಯುವುದು ನಿಮಗೆ ಈಗಾಗಲೇ ಗೊತ್ತಿರುವ ಪರೀಕ್ಷೆಯೇ. ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡುತ್ತಿದ್ದ ಆರ್‌ಟಿ-ಪಿಸಿಆರ್ ನೆನಪಿದೆಯಲ್ಲ, ಅದರ ಸೋದರ. ಹುಡುಕಬೇಕಾದ ಡಿಎನ್‌ಎ ತುಣುಕಿಗೆ ಮಾತ್ರ ಅಂಟಿಕೊಳ್ಳುವ ‘ಪ್ರೈಮರ್’ ಎಂಬ ಪುಟ್ಟ ಎಳೆಗಳನ್ನು ಬೆರೆಸಿ, ಯಂತ್ರದಲ್ಲಿಟ್ಟು ಬಿಸಿ ಮಾಡಿ ತಣಿಸುತ್ತಾರೆ. ಒಂದೊಂದು ಸುತ್ತಿಗೂ ಆ ತುಣುಕು ದುಪ್ಪಟ್ಟಾಗುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಹತ್ತು ಸುತ್ತಿಗೆ ಸಾವಿರ ದಾಟಿ, ಮೂವತ್ತು ಸುತ್ತಿಗೆ ನೂರು ಕೋಟಿ ದಾಟುತ್ತದೆ. ಆ ತುಣುಕು ನೀರಿನಲ್ಲಿ ಇಲ್ಲದಿದ್ದರೆ ಪ್ರೈಮರ್ ಅಂಟಿಕೊಳ್ಳಲು ಏನೂ ಸಿಗದೆ ಯಂತ್ರ ಸುಮ್ಮನಿರುತ್ತದೆ. ಬೆಂಗಳೂರಿನ ಚರಂಡಿ ನೀರಿನಲ್ಲಿ ಕೊರೊನಾ ವೈರಸ್ಸಿನ ಕುರುಹು ಹುಡುಕಿ ಯಾವ ಬಡಾವಣೆಯಲ್ಲಿ ಸೋಂಕು ಏರುತ್ತಿದೆ ಎಂದು ನೋಡುತ್ತಿದ್ದದ್ದೂ ಇದೇ ತತ್ವದಿಂದ.

ಒಂದೇ ಜಾತಿಯನ್ನಲ್ಲದೆ ಅಲ್ಲಿರುವ ಮೀನುಗಳನ್ನೆಲ್ಲ ಒಟ್ಟಿಗೆ ಹುಡುಕುವ ವಿಧಾನವೂ ಇದೆ. ಎಲ್ಲ ಮೀನುಗಳಿಗೂ ಅಂಟುವ ಪ್ರೈಮರ್ ಹಾಕಿ, ಬಂದ ತುಣುಕುಗಳನ್ನು ಒಂದೊಂದಾಗಿ ಓದಿ, ಸಿದ್ಧ ಪಟ್ಟಿಯ ಜೊತೆ ತಾಳೆ ನೋಡುವುದು. ಜಪಾನಿನ ಮಸಾಕಿ ಮಿಯಾ ಮತ್ತು ಸಂಗಡಿಗರು ಇಂಥ ಪ್ರೈಮರ್ ರೂಪಿಸಿ ಮೊದಲು ಪರೀಕ್ಷಿಸಿದ್ದು ಒಕಿನಾವಾದ ಅಕ್ವೇರಿಯಮ್ಮಿನಲ್ಲಿ. ಬುದ್ಧಿವಂತ ಉಪಾಯ, ಏಕೆಂದರೆ ಅಲ್ಲಿ ಯಾವ ತೊಟ್ಟಿಯಲ್ಲಿ ಯಾವ ಮೀನಿದೆ ಎಂಬ ಸರಿಯುತ್ತರ ಮೊದಲೇ ಗೊತ್ತಿತ್ತು. 180 ಜಾತಿಗಳ ಪೈಕಿ 168 ಜಾತಿಗಳನ್ನು ನೀರು ಹೇಳಿತು. ಆಮೇಲೆ ಅದೇ ದೇಶದ ಮೈಜುರು ಕೊಲ್ಲಿಯಲ್ಲಿ ಒಂದೇ ದಿನ ತೆಗೆದ ನೀರಿನಲ್ಲಿ 128 ಜಾತಿಯ ಮೀನುಗಳ ಕುರುಹು ಸಿಕ್ಕಿತು. ಅಲ್ಲಿ ಹದಿನಾಲ್ಕು ವರ್ಷ ಮುಳುಗಿ ಮುಳುಗಿ ಎಣಿಸಿದ್ದವರ ಪಟ್ಟಿಯಲ್ಲೂ ಇಲ್ಲದ ಜಾತಿಗಳು ಅದರಲ್ಲಿದ್ದವು. ಆದರೆ ಮುಳುಗಿದವರು ಕಣ್ಣಾರೆ ಕಂಡಿದ್ದ ಜಾತಿಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಆ ನೀರಿನಲ್ಲಿ ಸಿಗಲಿಲ್ಲ. ಹಂಚಿಕೊಳ್ಳುವ ಸಂದೇಶಗಳಲ್ಲಿ ಮೊದಲ ಸಾಲು ಇರುತ್ತದೆ, ಈ ಕೊನೆಯ ಸಾಲು ಇರುವುದಿಲ್ಲ.

ಹಾಗಾದರೆ ನಾವು ಕುಡಿಯುವ ನೀರಿನಲ್ಲೂ ಮೀನಿನ ಡಿಎನ್‌ಎ ಇದೆಯೇ?

ಇದನ್ನು ಓದುತ್ತಿದ್ದಂತೆ ಹಲವರಿಗೆ ಈ ಅನುಮಾನ ಬಂದಿರುತ್ತದೆ. ಹೊಳೆ, ಕೆರೆ, ಅಣೆಕಟ್ಟಿನ ನೀರಿನಲ್ಲಿ ಖಂಡಿತ ಇರುತ್ತದೆ. ಮೀನಿನದು ಮಾತ್ರವಲ್ಲ, ಕಪ್ಪೆ, ಎಮ್ಮೆ, ಆಲದೆಲೆ, ಪಾಚಿ ಎಲ್ಲದರದ್ದೂ. ಇದರಿಂದ ಆರೋಗ್ಯಕ್ಕೆ ಏನೂ ಆಗುವುದಿಲ್ಲ. ನಾವು ತಿನ್ನುವ ಪ್ರತಿ ತುತ್ತು ಅನ್ನದಲ್ಲೂ ಭತ್ತದ ಡಿಎನ್‌ಎ ಇದೆ, ಸೊಪ್ಪಿನ ಪಲ್ಯದಲ್ಲಿ ಸೊಪ್ಪಿನದಿದೆ. ಹೊಟ್ಟೆ ಅದನ್ನು ಬೇರೆಲ್ಲ ಆಹಾರದಂತೆ ಒಡೆದು ಜೀರ್ಣಿಸುತ್ತದೆ. ‘ನೀರು ಸಸ್ಯಾಹಾರವೇ’ ಎಂಬ ಚರ್ಚೆಯನ್ನು ಫ್ಯಾಮಿಲಿ ಗುಂಪಿನಲ್ಲಿ ಶುರು ಮಾಡದಿರುವುದು ಒಳ್ಳೆಯದು.

ನಿಜವಾಗಿ ಯೋಚಿಸಬೇಕಾದದ್ದು ಬೇರೆ ಇದೆ. ನೀರಿನಲ್ಲಿ, ಮರಳಿನಲ್ಲಿ ಮನುಷ್ಯರ ಡಿಎನ್‌ಎ ಕೂಡ ಸಿಗುತ್ತದೆ. ಆಮೆಗಳ ಅಧ್ಯಯನ ಮಾಡುತ್ತಿದ್ದ ಫ್ಲೋರಿಡಾ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಇದನ್ನು ವಿವರವಾಗಿ ಪ್ರಕಟಿಸಿ, ಜನರ ಒಪ್ಪಿಗೆಯಿಲ್ಲದೆ ಇಂಥ ಮಾಹಿತಿ ಸಂಗ್ರಹವಾಗುವ ಬಗ್ಗೆ ನಿಯಮ ಬೇಕು ಎಂದು ಎಚ್ಚರಿಸಿತು.

ಕಪ್ಪೆಯಿಂದ ಶುರುವಾದದ್ದು

ನೀರಿನ ಡಿಎನ್‌ಎಯಿಂದ ಪ್ರಾಣಿಯನ್ನು ಪತ್ತೆ ಹಚ್ಚುವ ಈ ಕಥೆ ಮೀನಿನಿಂದಲ್ಲ, ಕಪ್ಪೆಯಿಂದ ಶುರುವಾಯಿತು. ಅಮೆರಿಕದ ದೊಡ್ಡ ಗೂಳಿಗಪ್ಪೆ ಫ್ರಾನ್ಸಿನ ಕೊಳಗಳಿಗೆ ಸೇರಿಕೊಂಡು ಅಲ್ಲಿನ ಜೀವಿಗಳಿಗೆ ಕಂಟಕವಾಗಿತ್ತು. ಕೊಳದ ನೀರನ್ನಷ್ಟೇ ಪರೀಕ್ಷಿಸಿ ಅದು ಅಲ್ಲಿದೆಯೋ ಇಲ್ಲವೋ ಹೇಳಬಹುದು ಎಂದು 2008ರಲ್ಲಿ ಫ್ರಾನ್ಸಿನ ಸಂಶೋಧಕರು ತೋರಿಸಿದರು. 2012ರಲ್ಲಿ ಡೆನ್ಮಾರ್ಕಿನ ತಂಡವೊಂದು ಇದೇ ಉಪಾಯದಿಂದ ಅಪಾಯದಂಚಿನ ಸಿಹಿನೀರಿನ ಜೀವಿಗಳನ್ನು ಹುಡುಕಬಹುದೆಂದು ತೋರಿಸಿತು. ಅವರ ಪಟ್ಟಿಯಲ್ಲಿ ‘ವೆದರ್ ಲೋಚ್’ ಎಂಬ, ಕೆಸರಿನಲ್ಲಿ ಹುದುಗಿ ಬದುಕುವ, ಬಲೆಗೆ ಸಿಗದ ಮೀನೂ ಇತ್ತು.

ಸರ್ಕಾರಿ ಮಟ್ಟದಲ್ಲಿ ಇದನ್ನು ಗಟ್ಟಿಯಾಗಿ ಒಪ್ಪಿಕೊಂಡದ್ದು ಇಂಗ್ಲೆಂಡ್. ಅಲ್ಲಿ ‘ಗ್ರೇಟ್ ಕ್ರೆಸ್ಟೆಡ್ ನ್ಯೂಟ್’ ಎಂಬ, ಹಲ್ಲಿಯಂತೆ ಕಾಣುವ ಉಭಯವಾಸಿಗೆ ಕಾನೂನಿನ ರಕ್ಷಣೆಯಿದೆ. ಅದಿರುವ ಕೊಳದ ಪಕ್ಕ ಮನೆ ಕಟ್ಟಬೇಕಾದರೂ ಮೊದಲು ಸಮೀಕ್ಷೆ ಆಗಬೇಕು. ರಾತ್ರಿ ಟಾರ್ಚ್ ಹಿಡಿದು ಮತ್ತೆ ಮತ್ತೆ ಹೋಗಿ ನೋಡುವ ಬದಲು ನೀರಿನ ಪರೀಕ್ಷೆ ಸಾಕು ಎಂದು 2014ರಲ್ಲಿ ಒಪ್ಪಿಗೆ ಸಿಕ್ಕಿತು. ನಮಗೆ ಇಷ್ಟವಾದದ್ದು ಅದರ ಹಿಂದಿನ ಅಧ್ಯಯನ. ನ್ಯೂಟ್ ಇರುವುದು ಗೊತ್ತಿದ್ದ ಕೊಳಗಳಲ್ಲಿ ಪರಿಣತರು ತೆಗೆದ ನೀರು ಶೇ 99ರಷ್ಟು ಸಲ ಸರಿಯುತ್ತರ ಕೊಟ್ಟರೆ, ತರಬೇತಿ ಪಡೆದ ಸಾಮಾನ್ಯ ಸ್ವಯಂಸೇವಕರು ತೆಗೆದ ನೀರು ಶೇ 91ರಷ್ಟು ಕಡೆ ಸರಿಯುತ್ತರ ಕೊಟ್ಟಿತು. ಸೌಟಿನಂಥ ಪಾತ್ರೆಯಲ್ಲಿ ಕೊಳದ ಸುತ್ತ ಇಪ್ಪತ್ತು ಕಡೆ ನೀರು ಮೊಗೆದು ಬೆರೆಸುವುದು, ಅಷ್ಟೇ ಅವರ ಕೆಲಸ. ಊರಿನವರೇ ಸೇರಿ ಮಾಡಬಹುದಾದ ವಿಜ್ಞಾನ ಇದು.

ಭಾರತದಲ್ಲೂ ಕೆಲಸ ಶುರುವಾಗಿದೆ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು ಒಡಿಶಾದ ಚಿಲಿಕಾ ಸರೋವರದ ನೀರಿನಿಂದ ಅಲ್ಲಿನ ಜೀವವೈವಿಧ್ಯವನ್ನು ಓದುವ ಅಧ್ಯಯನ ನಡೆಸಿದ್ದಾರೆ.

ಸಿಕ್ಕರೆ ಏನರ್ಥ, ಸಿಗದಿದ್ದರೆ ಏನರ್ಥ?

ಇಲ್ಲಿಂದ ಮುಂದೆ ಎಚ್ಚರದಿಂದ ಓದಬೇಕು. ಈ ಪರೀಕ್ಷೆಯ ಬಗೆಗಿನ ತಪ್ಪು ತಿಳಿವಳಿಕೆಗಳೆಲ್ಲ ಹುಟ್ಟುವುದು ಇಲ್ಲೇ.

ಸ್ಕಾಟ್‌ಲೆಂಡಿನ ಲಾಕ್ ನೆಸ್ ಸರೋವರದ ‘ರಾಕ್ಷಸ’ನ ಕಥೆ ನೀವು ಕೇಳಿರುತ್ತೀರಿ. 2018ರಲ್ಲಿ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ನೀಲ್ ಗೆಮೆಲ್ ನೇತೃತ್ವದ ತಂಡ ಆ ಸರೋವರದ ಬೇರೆ ಬೇರೆ ಕಡೆ, ಬೇರೆ ಬೇರೆ ಆಳದಿಂದ ಸುಮಾರು 250 ಮಾದರಿ ನೀರು ತೆಗೆಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಫಲಿತಾಂಶ ಹೇಳಿದರು. ಡೈನೊಸಾರ್ ಕಾಲದ ಸರೀಸೃಪದ್ದಿರಲಿ, ಯಾವ ಸರೀಸೃಪದ ಡಿಎನ್‌ಎಯೂ ಇಲ್ಲ. ಹಾವುಮೀನಿನ, ಅಂದರೆ ಈಲ್‌ನ ಡಿಎನ್‌ಎ ಮಾತ್ರ ನೋಡಿದಲ್ಲೆಲ್ಲ ಇತ್ತು. ಬಹುಶಃ ಜನ ಕಂಡದ್ದು ದೊಡ್ಡ ಈಲ್ ಇರಬಹುದೇ ಎಂದು ಕೇಳಿದಾಗ, ಆ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದರು ಗೆಮೆಲ್. ಮರುದಿನ ಜಗತ್ತಿನ ಪತ್ರಿಕೆಗಳಲ್ಲಿ ‘ಲಾಕ್ ನೆಸ್ ರಾಕ್ಷಸ ದೈತ್ಯ ಈಲ್!’ ಎಂಬ ತಲೆಬರಹ.

ಅವರು ಹೇಳಿದ್ದು ಅದಲ್ಲ. ಡಿಎನ್‌ಎ ನೋಡಿ ‘ಈಲ್ ಇದೆ’ ಎನ್ನಬಹುದು. ಆ ಈಲ್ ಗೇಣುದ್ದವೋ ಮಾರುದ್ದವೋ ಎನ್ನಲಾಗದು. ಸಾವಿರ ಮರಿಗಳೂ ಹತ್ತು ದೊಡ್ಡ ಮೀನುಗಳೂ ಬಿಟ್ಟ ಡಿಎನ್‌ಎ ಲ್ಯಾಬಿಗೆ ಒಂದೇ ತರಹ ಕಾಣಬಹುದು. ಗಂಡೋ ಹೆಣ್ಣೋ, ಮರಿ ಹಾಕುತ್ತಿದೆಯೋ, ಆರೋಗ್ಯವಾಗಿದೆಯೋ, ಇವು ಯಾವುದನ್ನೂ ಈ ಮಾಮೂಲಿ ಪರೀಕ್ಷೆ ಹೇಳದು. ಡಿಎನ್‌ಎ ಜಾಸ್ತಿ ಸಿಕ್ಕರೆ ಮೀನು ಜಾಸ್ತಿ ಇರಬಹುದೆಂಬ ಅಂದಾಜಿಗೆ ಆಧಾರವಿದೆಯಾದರೂ ಹರಿಯುವ ಹೊಳೆಯಲ್ಲಿ ಅದನ್ನು ಎಣಿಕೆ ಎನ್ನಲಾಗದು. ‘ಮೀನುಗಳನ್ನೆಲ್ಲ ಎಣಿಸುವ ತಂತ್ರಜ್ಞಾನ’ ಎಂಬುದು ಸುಳ್ಳಾಗುವುದು ಇಲ್ಲೇ.

ಇನ್ನು ಶಿಕಾಗೊ. ನಮ್ಮ ಕೆರೆಗಳಲ್ಲಿ ಸಾಕುವ ಬೆಳ್ಳಿ ಗೆಂಡೆ, ಅದರ ನೆಂಟ ದೊಡ್ಡ ತಲೆಯ ಗೆಂಡೆ ಅಮೆರಿಕಕ್ಕೆ ಹೋಗಿ ಮಿಸಿಸಿಪ್ಪಿ ನದಿಯನ್ನು ತುಂಬಿಕೊಂಡು ಅಲ್ಲಿ ದೊಡ್ಡ ಪಿಡುಗಾಗಿವೆ. ಅವು ಮಹಾ ಸರೋವರಗಳಿಗೆ ನುಗ್ಗದಂತೆ ಶಿಕಾಗೊ ಬಳಿಯ ಕಾಲುವೆಯಲ್ಲಿ ವಿದ್ಯುತ್ ತಡೆ ಹಾಕಿದ್ದಾರೆ. 2009ರಲ್ಲಿ ಆ ತಡೆಯ ಆಚೆ ಬದಿಯ ನೀರಿನಲ್ಲೂ ಈ ಗೆಂಡೆಗಳ ಡಿಎನ್‌ಎ ಸಿಕ್ಕಿತು. ಕೋಲಾಹಲವಾಯಿತು. ಕಾಲುವೆಯನ್ನೇ ಮುಚ್ಚಿಸಿ ಎಂದು ಮಿಶಿಗನ್ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು, ತುರ್ತಾಗಿ ಮುಚ್ಚಿಸಲು ಕೋರ್ಟ್ ಒಪ್ಪಲಿಲ್ಲ. ‘ಮೀನೇ ಕಾಣದೆ ಬರೀ ಡಿಎನ್‌ಎ ನಂಬಿ ಕೋಟಿಗಟ್ಟಲೆ ವ್ಯಾಪಾರ ನಿಲ್ಲಿಸುವುದೇ’ ಎಂಬ ವಾದ ಒಂದು ಕಡೆ, ‘ಮೀನು ಕಂಡ ಮೇಲೆ ತಡೆಯುವುದೇನು’ ಎಂಬ ವಾದ ಇನ್ನೊಂದು ಕಡೆ. ಎರಡಕ್ಕೂ ಹುರುಳಿತ್ತು. ಡಿಎನ್‌ಎ ಸತ್ತ ಮೀನಿನಿಂದ ಬರಬಹುದು, ಮೀನು ತಿಂದ ಹಕ್ಕಿಯ ಹಿಕ್ಕೆಯಿಂದ ಬರಬಹುದು, ದೋಣಿಯ ತಳಕ್ಕೆ ಅಂಟಿಕೊಂಡು ಬರಬಹುದು, ಮೀನು ಮಾರುಕಟ್ಟೆಯ ಚರಂಡಿಯಿಂದಲೂ ಬರಬಹುದು. ಆದರೆ 2010ರ ಜೂನ್‌ನಲ್ಲಿ ತಡೆಯ ಆಚೆಯ ಕ್ಯಾಲುಮೆಟ್ ಸರೋವರದಲ್ಲಿ ದೊಡ್ಡ ತಲೆಯ ಗೆಂಡೆಯೊಂದು ನಿಜವಾಗಿ ಬಲೆಗೆ ಬಿತ್ತು.

ನಮ್ಮ ಅಭಿಪ್ರಾಯದಲ್ಲಿ ಶಿಕಾಗೊದ ಪಾಠ ಇಷ್ಟು: ಈ ಪರೀಕ್ಷೆ ಮನೆಯ ಹೊಗೆ ಅಲಾರಂ ಇದ್ದಂತೆ. ಅದು ಕೂಗಿದಾಗ ಮನೆಗೆ ಬೆಂಕಿ ಬಿತ್ತು ಎಂದು ಹೇಳಿಕೊಂಡು ಓಡುವುದೂ ತಪ್ಪು, ಯಾರೋ ಒಗ್ಗರಣೆ ಹಾಕುತ್ತಿದ್ದಾರೆ ಎಂದು ಮಲಗುವುದೂ ತಪ್ಪು. ಎದ್ದು ಹೋಗಿ ನೋಡಬೇಕು.

ಸಿಗದಿದ್ದಾಗಲೂ ಅಷ್ಟೇ. ನೀರಿಗೆ ಬಿದ್ದ ಡಿಎನ್‌ಎ ಬಿಸಿಲು, ಶಾಖ, ಬ್ಯಾಕ್ಟೀರಿಯಾಗಳಿಂದ ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ಚೂರುಚೂರಾಗಿ ಹೋಗುತ್ತದೆ. ಇದು ಒಂದು ರೀತಿಯಲ್ಲಿ ಅನುಕೂಲ. ಸಿಕ್ಕ ಡಿಎನ್‌ಎ ಈಚಿನದು ಎಂಬ ಭರವಸೆ ಕೊಡುತ್ತದೆ, ಅಜ್ಜನ ಕಾಲದ ಮೀನಿನದಲ್ಲ. ಆದರೆ ಮಳೆಗಾಲದ ತುಂಬು ಹೊಳೆಯಲ್ಲಿ ಅದು ತೆಳುವಾಗಿ ಕರಗಿ ಹೋಗುತ್ತದೆ, ಕೆಂಪು ಮಣ್ಣಿನ ನೀರು ಎರಡು ನಿಮಿಷಕ್ಕೆ ಫಿಲ್ಟರನ್ನು ಕಟ್ಟಿಸುತ್ತದೆ, ಕೊಳೆತ ಎಲೆಗಳ ರಸ ಪಿಸಿಆರ್ ಕ್ರಿಯೆಯನ್ನೇ ತಡೆಯುತ್ತದೆ. ನೀರಿನ ಜೊತೆ ದೂರ ಹರಿದೂ ಹೋಗುತ್ತದೆ. ಸ್ವಿಟ್ಜರ್ಲೆಂಡಿನ ಒಂದು ನದಿಯಲ್ಲಿ ಸರೋವರದ ಜೀವಿಗಳ ಡಿಎನ್‌ಎ ಒಂಬತ್ತರಿಂದ ಹನ್ನೆರಡು ಕಿ.ಮೀ. ಕೆಳಗೂ ಸಿಕ್ಕಿತ್ತು. ಹಾಗಾಗಿ ಸೇತುವೆಯ ಕೆಳಗಿನ ನೀರಿನಲ್ಲಿ ಮೀನಿನ ಡಿಎನ್‌ಎ ಸಿಕ್ಕರೆ ಮೀನು ಸೇತುವೆಯ ಕೆಳಗೇ ಇದೆ ಎಂದಲ್ಲ, ಮೇಲೆ ಎಲ್ಲೋ ಇದೆ ಎಂದರ್ಥ.

ಕಾವೇರಿಯ ಬಿಳಿಮೀನು

ಈ ಪರೀಕ್ಷೆ ನಮಗೆ ಏಕೆ ಬೇಕು ಎಂಬುದಕ್ಕೆ ಕಾವೇರಿಯ ಮಹಶೀರ್‌ಗಿಂತ ದೊಡ್ಡ ಉದಾಹರಣೆ ಬೇಡ. ಕಾವೇರಿ ದಡದವರು ಬಿಳಿಮೀನು ಎನ್ನುವ ಈ ಬಳಗದ ರಾಜ, ಬೆನ್ನಿನ ಮೇಲೆ ಡುಬ್ಬ ಇರುವ, ಕಿತ್ತಳೆ ಬಣ್ಣದ ರೆಕ್ಕೆಯ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕೆಜಿ ಇತ್ತು. ಗಾಳ ಹಾಕಿ ಹಿಡಿದ ಮಹಶೀರ್‌ಗಳಲ್ಲಿ ಅದು ಇಂದಿಗೂ ದಾಖಲೆ. ಇಂಥ ಮೀನು ಇಡೀ ಜಗತ್ತಿನಲ್ಲಿ ಇರುವುದು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ.

ಇಷ್ಟು ಪ್ರಸಿದ್ಧ ಮೀನಿಗೆ 2018ರವರೆಗೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ ಎಂದರೆ ನಂಬುತ್ತೀರಾ? ಕೇರಳದ ಪಾಂಬಾರ್ ಎಂಬ ಕಾವೇರಿಯ ಉಪನದಿಯಿಂದ 2007ರಲ್ಲಿ ‘ಟಾರ್ ರೆಮಾದೇವಿ’ ಎಂದು ಹೆಸರಿಟ್ಟಿದ್ದ ಮೀನೂ ಡುಬ್ಬದ ಮಹಶೀರೂ ಒಂದೇ ಎಂದು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತಿತರರು ಆ ವರ್ಷ ಡಿಎನ್‌ಎ ಮತ್ತು ದೇಹರಚನೆ ನೋಡಿ ಸ್ಪಷ್ಟಪಡಿಸಿದರು. ಹೆಸರು ಸಿಕ್ಕ ವರ್ಷವೇ ಐಯುಸಿಎನ್ ಅದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಪಟ್ಟಿಗೆ ಸೇರಿಸಿತು. ಹೆಸರಿಡುವ ಹೊತ್ತಿಗೆ ಕೂಸು ಐಸಿಯುನಲ್ಲಿತ್ತು.

ಅದು ಕುಸಿಯುತ್ತಿದೆ ಎಂದು ತಿಳಿದದ್ದು ಹೇಗೆ ಎಂಬುದು ಕುತೂಹಲಕರ. ಗಾಳಿಬೋರೆಯ ಮೀನುಗಾರಿಕೆ ಶಿಬಿರದಲ್ಲಿ ಹವ್ಯಾಸಿಗಳು ಗಾಳ ಹಾಕಿ, ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುತ್ತಿದ್ದರು. ಯಾರು ಎಷ್ಟು ಹೊತ್ತು ಕೂತರು, ಯಾವ ಮೀನು, ಎಷ್ಟು ತೂಕ ಎಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಪುಸ್ತಕಗಳನ್ನು ಪಿಂಡರ್ ತಂಡ ಲೆಕ್ಕ ಹಾಕಿತು. ಒಟ್ಟು ಮಹಶೀರ್ ಸಂಖ್ಯೆ ಏರುತ್ತಿತ್ತು. ಆದರೆ ಏರುತ್ತಿದ್ದದ್ದು ನೀಲಿ ರೆಕ್ಕೆಯ ಇನ್ನೊಂದು ಜಾತಿ, 1970ರ ದಶಕದಿಂದ ಲೋಣಾವಳದ ಮರಿ ಉತ್ಪಾದನಾ ಕೇಂದ್ರದಿಂದ ತಂದು ಕಾವೇರಿಗೆ ಬಿಟ್ಟದ್ದು. ಡುಬ್ಬದ ಮಹಶೀರ್ ಕಡಿಮೆಯಾಗುತ್ತ, ಮರಿಗಳೇ ಸಿಗದಂತಾಗಿತ್ತು. ಮಹಶೀರ್ ಉಳಿಸುತ್ತೇವೆಂದು ಒಳ್ಳೆಯ ಮನಸ್ಸಿನಿಂದ ಮರಿ ಬಿಟ್ಟವರೆಲ್ಲ ಕಾವೇರಿಯದ್ದಲ್ಲದ ಮಹಶೀರನ್ನು ಬಿಟ್ಟಿದ್ದರು.

2012ರಲ್ಲಿ ಗಾಳದ ಶಿಬಿರಗಳು ನಿಂತವು. ವನ್ಯಧಾಮದೊಳಗೆ ಗಾಳ ಹಾಕುವುದು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಆದರೆ ಶಿಬಿರದ ಜೊತೆ ಆ ಲೆಕ್ಕದ ಪುಸ್ತಕವೂ ನಿಂತುಹೋಯಿತು. ಬಂಡೆ, ಮಡು, ಮೊಸಳೆ, ಆನೆ ಇರುವ ಅಂಥ ಕಣಿವೆಯಲ್ಲಿ ಬಲೆ ಹಾಕಿ ಸಮೀಕ್ಷೆ ಮಾಡುವುದು ಸುಲಭವಲ್ಲ, ಉಳಿದಿರುವ ಬೆರಳೆಣಿಕೆಯ ಮೀನುಗಳಿಗೆ ಒಳ್ಳೆಯದೂ ಅಲ್ಲ. ಬಾಟಲಿ ನೀರು ತರುವುದು ಸಾಧ್ಯ. ಮೋಯಾರ್, ಕಬಿನಿ, ಪಾಂಬಾರ್ ಹೀಗೆ ಒಂದೊಂದು ಉಪನದಿಯ ನೀರನ್ನೂ ಬೇಸಿಗೆಯಲ್ಲಿ ಹರಿವು ಕಡಿಮೆ ಇದ್ದಾಗ ಮೇಲಿನಿಂದ ಕೆಳಗಿನವರೆಗೆ ಹಂತಹಂತವಾಗಿ ಪರೀಕ್ಷಿಸಿದರೆ ಎಲ್ಲಿ ಹುಡುಕಬೇಕು, ಎಲ್ಲಿ ಡೈನಮೈಟ್ ಹಾಕುವವರನ್ನು ತಡೆಯಬೇಕು, ಎಲ್ಲಿ ಮರಳು ತೆಗೆಯಬಾರದು ಎಂದು ನಕ್ಷೆ ಹಾಕಬಹುದು.

ಆಗಲೇ ಹೇಳಿದ ತೊಂದರೆ ಇಲ್ಲಿದೆ. ಮೈಟೊಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ಡುಬ್ಬದ ಮಹಶೀರ್ ತಾಯಿಗೂ ನೀಲಿ ರೆಕ್ಕೆಯ ತಂದೆಗೂ ಬೆರಕೆ ಮರಿ ಹುಟ್ಟಿದರೆ ಅದು ಬಿಟ್ಟ ಡಿಎನ್‌ಎಯನ್ನು ಪರೀಕ್ಷೆ ಅಪ್ಪಟ ಡುಬ್ಬದ ಮಹಶೀರ್ ಎಂದೇ ಓದುತ್ತದೆ. ಹೊರಗಿನ ಜಾತಿ ಇಷ್ಟು ತುಂಬಿಕೊಂಡಿರುವ ನದಿಯಲ್ಲಿ ಇದು ಸಣ್ಣ ವಿಷಯವಲ್ಲ. ಆದ್ದರಿಂದ ನೀರು ‘ಇದೆ’ ಎಂದ ಜಾಗದಲ್ಲಿ ಮೀನನ್ನು ಕಣ್ಣಾರೆ ಕಂಡು, ರೆಕ್ಕೆಯ ಒಂದು ಚೂರಿನಿಂದ ಪೂರ್ಣ ಪರೀಕ್ಷೆ ಮಾಡಿಯೇ ಮರಿ ಮಾಡಿಸುವ ತೀರ್ಮಾನಕ್ಕೆ ಬರಬೇಕು. ಇಲ್ಲವಾದರೆ 1970ರ ದಶಕದ ಕೆಲಸವೇ ಹೊಸ ಯಂತ್ರದೊಂದಿಗೆ ಮತ್ತೊಮ್ಮೆ ನಡೆದಂತೆ.

ಮುಂದಕ್ಕೆ ಕಳಿಸುವ ಮುನ್ನ

‘ಅಳಿದುಹೋಗಿದ್ದ ಮೀನು ಮತ್ತೆ ಪತ್ತೆ’ ಎಂಬ ಸುದ್ದಿ ಬಂದರೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಸಿಕ್ಕದ್ದು ಮೀನೋ, ಮೀನಿನ ಡಿಎನ್‌ಎಯೋ? ಡಿಎನ್‌ಎಯಾದರೆ ಎಷ್ಟು ಮಾದರಿಗಳಲ್ಲಿ, ಎಷ್ಟು ಸಲ? ಒಳ್ಳೆಯ ತಂಡಗಳು ಹೊಳೆಯ ನೀರಿನ ಜೊತೆ ಶುದ್ಧ ಬಟ್ಟಿ ಇಳಿಸಿದ ನೀರನ್ನೂ ಅದೇ ಬಾಟಲಿ, ಅದೇ ಫಿಲ್ಟರಿನಲ್ಲಿ ಹಾಯಿಸಿ ಪರೀಕ್ಷಿಸುತ್ತವೆ. ಆ ಶುದ್ಧ ನೀರಿನಲ್ಲೂ ಮೀನು ‘ಸಿಕ್ಕರೆ’ ಡಿಎನ್‌ಎ ಬಂದದ್ದು ಯಾರದೋ ಕೈಯಿಂದ ಎಂದು ಗೊತ್ತಾಗುತ್ತದೆ. ‘ಸಂಪೂರ್ಣ ನಾಶ’ ಎಂಬ ಸುದ್ದಿಗೂ ಇದೇ ಪ್ರಶ್ನೆಗಳು.

ಇನ್ನು ಕರಾವಳಿಯ ನಮ್ಮ ಓದುಗರಿಗೆ, ಅದರಲ್ಲೂ ಬೋಟಿಗೆ ಹೋಗುವವರಿಗೆ. ಗರಗಸ ಮೀನು ಜೀವಂತವಾಗಿ ಬಲೆಗೆ ಸಿಕ್ಕರೆ ಅದನ್ನು ಆದಷ್ಟು ನೀರಿನಲ್ಲೇ ಇರಿಸಿ. ಗರಗಸದಿಂದ ದೂರ ನಿಲ್ಲಿ, ಅದು ಪಕ್ಕಕ್ಕೆ ಬೀಸುವ ರಭಸಕ್ಕೆ ಕಾಲು ಸೀಳುತ್ತದೆ. ಬಲೆ ಬಿಡಿಸಲು ಗರಗಸವನ್ನು ಕತ್ತರಿಸಬೇಡಿ. ಗರಗಸ ಮತ್ತೆ ಬೆಳೆಯುವುದಿಲ್ಲ, ಆ ಮೀನು ಬೇಟೆಯಾಡಲಾಗದೆ ಸಾಯುತ್ತದೆ. ಬಲೆಯನ್ನೇ ಕತ್ತರಿಸಿ ಬಿಡಿ. ಸಾಧ್ಯವಾದರೆ ಒಂದು ಫೋಟೊ ತೆಗೆದು, ದಿನಾಂಕ ಮತ್ತು ಜಿಪಿಎಸ್ ಓದನ್ನು ಬರೆದುಕೊಂಡು ಮೀನುಗಾರಿಕೆ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಿ. ಯಾವ ಅಳಿವೆಯ ನೀರನ್ನು ಮೊದಲು ಪರೀಕ್ಷಿಸಬೇಕು ಎಂದು ಲ್ಯಾಬಿನವರಿಗೆ ಹೇಳಬಲ್ಲದ್ದು ಆ ಒಂದು ಸಾಲಿನ ಮಾಹಿತಿ.